ನಾನು ಕೊಟ್ಟ ಮಂಗಳೂರು ಮಾತ್ರೆ

ಮಾತ್ರೆ ಕೊಟ್ಟವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಆ ಸುದ್ದಿ ಎರಡು ಮನೆಗಳಲ್ಲಿ ಓಡಾಡುವಾಗ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಆಯಿತು. ಮಗಳು ಕೊಟ್ಟಳು ಎಂದರು. ಅಳಿಯ ತಂದಿಟ್ಟದ್ದೇ ತಪ್ಪು ಎಂದರು. ಮಗುವೇ ಪೆಪ್ಪರಮೆಂಟು ಅಂದುಕೊಂಡು ತಿಂದುಬಿಟ್ಟಿತು ಎಂದವರೂ ಇದ್ದಾರೆ. ಯಾವುದೂ ಅಲ್ಲ. ನಾನೇ ಅರ್ಧ ಮುರಿದು, ಬೆಲ್ಲದ ನೀರಿನಲ್ಲಿ ಅರೆದು, ಮೂಗು ಹಿಡಿದು ಕುಡಿಸಿದೆ. ಮೂರು ದಿನ.

ಮಗು ಎಂದರೆ ನನ್ನ ಮಗಳ ಮಗ, ಆರು ವರ್ಷದವನು. ಮಗಳನ್ನು ಪಾವಗಡದಿಂದಾಚೆ, ಇನ್ನು ನಾಲ್ಕು ಹೆಜ್ಜೆ ಹಾಕಿದರೆ ಆಂಧ್ರ ಎನ್ನುವಂಥ ಊರಿಗೆ ಕೊಟ್ಟಿದ್ದೇವೆ. ನಾನಿರುವುದು ಶಿರಾ ತಾಲೂಕಿನಲ್ಲಿ, ಮದಲೂರಿನ ಹತ್ತಿರ. ದಸರಾ ರಜಕ್ಕೆ ಮಗಳು ಮಗನನ್ನು ಕರೆದುಕೊಂಡು ಬಂದಿದ್ದಳು. ಆ ಸಲ ಕೆರೆಯಲ್ಲಿ ನೀರಿತ್ತು, ನೀರಿನ ಜೊತೆ ಸೊಳ್ಳೆಯೂ ಇತ್ತು. ಬಂದ ನಾಲ್ಕನೇ ದಿನ ಹುಡುಗನಿಗೆ ಜ್ವರ.

ಊರಲ್ಲಿ ಆಗ ಮನೆಗೊಬ್ಬರು ಮಲಗಿದ್ದರು. ಕೀಲು ಹಿಡಿಯುವುದು, ಮೈಮೇಲೆ ಕೆಂಪು ಗಂದೆ ಏಳುವುದು, ನಾಲ್ಕು ದಿನ ಕಾದು ತಾನೇ ಬಿಟ್ಟುಹೋಗುವುದು. ವೈರಸ್ ಜ್ವರ, ನೀರು ಗಂಜಿ ಚೆನ್ನಾಗಿ ಕೊಡಿ, ಜ್ವರದ ಮಾತ್ರೆ ಬಿಟ್ಟು ಬೇರೇನೂ ಬೇಡ ಎಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೇಳಿಹೋಗಿದ್ದಳು. ನನಗೆ ಅದರಲ್ಲಿ ಕೇಳಿಸಿದ್ದು ವೈರಸ್ ಎಂಬ ಒಂದೇ ಮಾತು. ಕೊರೊನಾ ಬಂದಾಗ ಎಲ್ಲರ ಮೊಬೈಲಿನಲ್ಲೂ ಬಂದಿತ್ತಲ್ಲ, ಮಲೇರಿಯಾ ಮಾತ್ರೆ ವೈರಸ್ಸನ್ನೂ ಕೊಲ್ಲುತ್ತದಂತೆ ಎಂದು. ಆ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಆಮೇಲೆ ಯಾರೋ ಅದು ಸುಳ್ಳು ಎಂದಿರಬಹುದು. ಸುಳ್ಳು ಎಂದು ಹೇಳುವ ಮೊಬೈಲು ನಮ್ಮ ಕಡೆಗೆ ಬರಲಿಲ್ಲ.

ಮಾತ್ರೆ ಮನೆಯಲ್ಲೇ ಇತ್ತು. ಅಳಿಯ ಗಾರೆ ಕೆಲಸಕ್ಕೆ ಮಂಗಳೂರಿಗೆ ಹೋಗಿ ಮಲೇರಿಯಾ ಹತ್ತಿಸಿಕೊಂಡು ಬಂದಿದ್ದ. ಅಲ್ಲಿಯ ಡಾಕ್ಟರು ಹದಿನಾಲ್ಕು ದಿನದ ಮಾತ್ರೆ ಕೊಟ್ಟು, ಒಂದು ದಿನವೂ ಬಿಡಬೇಡ ಎಂದು ಕಳಿಸಿದ್ದರು. ಸುಧಾರಿಸಿಕೊಳ್ಳಲು ನಮ್ಮ ಮನೆಗೆ ಬಂದವನು ಐದನೇ ದಿನಕ್ಕೆ ಜ್ವರ ನಿಂತಿತೆಂದು ಮಾತ್ರೆ ನಿಲ್ಲಿಸಿದ. ಉಳಿದದ್ದನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ಮಂಗಳೂರು ಮಾತ್ರೆ ಎಂದು ಅದಕ್ಕೆ ಹೆಸರೂ ಬಿತ್ತು.

"ಅಮ್ಮ, ಅದು ಅವರಿಗೆ ಕೊಟ್ಟಿದ್ದು. ಮಗೀಗೆ ಆಯ್ತದಾ?" ಎಂದು ಮಗಳು ಕೇಳಿದಳು.

"ಅರ್ಧ ಕೊಡಾನ ಬುಡು. ದೊಡ್ಡೋರ್ಗೆ ಒಂದು, ಚಿಕ್ಕೋರ್ಗೆ ಅರ್ಧ. ಇದೇನ್ ಹೊಸದಾ ನಂಗೆ?"

ಹೊಸದಲ್ಲ. ನಾನು ಲಂಗ ಉಟ್ಟು ಓಡಾಡುವ ಕಾಲದಿಂದ ನೋಡಿದ್ದು ಅದನ್ನೇ. ಹದಿನೈದು ದಿನಕ್ಕೊಮ್ಮೆ ಮಲೇರಿಯಾದವನು ಸೈಕಲ್ಲಿನಲ್ಲಿ ಬರುತ್ತಿದ್ದ. ಹೆಗಲಿಗೆ ಖಾಕಿ ಚೀಲ. ಬಾಗಿಲಲ್ಲೇ ನಿಂತು, ಯಾರಿಗಾದರೂ ಜ್ವರ ಬಂದಿತ್ತಾ ಎಂದು ಕೇಳುವನು. ಬಂದಿತ್ತು ಎಂದರೆ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಮೇಲೆ ರಕ್ತ ಒರೆಸಿಕೊಂಡು, ಅಲ್ಲೇ ಆಗಲೇ ಮಾತ್ರೆ ನುಂಗಿಸುವನು. ರಕ್ತದಲ್ಲಿ ಏನಿತ್ತು ಎಂದು ತಿಳಿಯಲು ತಿಂಗಳು ಬೇಕು. ಅಷ್ಟರಲ್ಲಿ ಜ್ವರ ಬಿಟ್ಟು ನಾವು ಕಡ್ಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿರುತ್ತಿದ್ದೆವು. ಮಾತ್ರೆ ಮೊದಲು, ಪರೀಕ್ಷೆ ಆಮೇಲೆ. ನಮ್ಮ ಕಾಲದವರಿಗೆಲ್ಲ ಇದೇ ರೂಢಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೆ ಈ ಪಾಠವನ್ನು ಮಾತ್ರ ಚೀಲದವರು ನನಗೆ ನೂರು ಸಲ ಕಲಿಸಿದ್ದಾರೆ.

ಮೂರನೇ ದಿನಕ್ಕೆ ಹುಡುಗನ ಮೈ ತಣ್ಣಗಾಯಿತು. ನಾನು ಬೀಗಿದೆ. ಪಕ್ಕದ ಮನೆಯವಳಿಗೂ ಎರಡು ಮಾತ್ರೆ ಬೇಕೇ ಎಂದು ಕೇಳಿದೆ. ಅವಳು ಬೇಡ ಎಂದಳು, ಅವಳ ಮಕ್ಕಳ ಪುಣ್ಯ.

ನಾಲ್ಕನೇ ದಿನ ಬೆಳಿಗ್ಗೆ ಅವನು ಹಿತ್ತಲಲ್ಲಿ ನಿಂತು ಕೂಗಿದ.

"ಅಜ್ಜೀ, ನನ್ ಉಚ್ಚೆ ಕಾಫಿ ಆಗೋಗೈತೆ."

ಹೋಗಿ ನೋಡಿದೆ. ಹಾಲು ಹಾಕದ ಡಿಕಾಕ್ಷನ್ ಚೆಲ್ಲಿದ ಹಾಗಿತ್ತು ನೆಲ. ಹುಡುಗನನ್ನು ಬೆಳಕಿಗೆ ತಿರುಗಿಸಿದೆ. ತುಟಿ ಬೆಳ್ಳಗೆ, ಕಣ್ಣು ಹಳದಿ, ಉಗುರಿನಲ್ಲಿ ಬಣ್ಣವೇ ಇಲ್ಲ. ಜಗಲಿಯವರೆಗೆ ನಡೆಯುವಷ್ಟರಲ್ಲಿ ಏದುಸಿರು ಬಿಟ್ಟು ಕೂತುಕೊಂಡ. ಜ್ವರ ಇಲ್ಲ, ಹುಡುಗ ಮಾತ್ರ ಗಂಟೆ ಗಂಟೆಗೂ ಬಿಳಿಚಿಕೊಳ್ಳುತ್ತಿದ್ದಾನೆ. ಮುಂದಿನ ಸಲ ಅವನು ಹೋದಾಗ ನಾನು ಜ್ಯೂಸಿನ ಖಾಲಿ ಬಾಟಲಿ ಹಿಡಿದೆ.

"ಅದನ್ಯಾಕಮ್ಮ ಹಿಡೀತೀಯ, ಅಸಯ್ಯ," ಎಂದಳು ಮಗಳು.

"ತೋರ್ಸಕ್ಕೆ. ಬಾಯಲ್ಲಿ ಹೇಳಿದ್ರೆ ನಂಬಲ್ಲ ಕಣಮ್ಮಿ ಅವ್ರು."

ಪೇಟೆಯಲ್ಲಿ, ಯಾವ ಪೇಟೆ ಎಂದು ಬೇಡ, ಒಂದು ಕ್ಲಿನಿಕ್ಕಿಗೆ ಹೋದೆವು. ಬೆಂಚಿನ ತುಂಬ ಜ್ವರದವರು. ನಮ್ಮ ಸರದಿ ಬಂದಾಗ ಡಾಕ್ಟರು ಹುಡುಗನ ಹಣೆ ಮುಟ್ಟಿ, ಜ್ವರ ಇಳಿದಿದೆ, ಒಳ್ಳೆಯದಾಯಿತಲ್ಲ ಎಂದರು. ನಾನು ಬಾಟಲಿ ಮೇಜಿನ ಮೇಲಿಟ್ಟೆ. ಅವರು ಕುರ್ಚಿ ಹಿಂದಕ್ಕೆ ಸರಿಸಿದರು.

"ಇದನ್ನ ಯಾಕ್ರಮ್ಮ ಇಲ್ಲಿ ಇಡ್ತೀರ? ತೆಗೀರಿ ಮೊದಲು."

"ನೋಡಿ ಸಾರ್, ತೆಗೀತೀನಿ. ಈ ಮಾತ್ರೆ ಕೊಟ್ಮೇಲೆ ಇಂಗಾಗಿದ್ದು." ಮಾತ್ರೆಯ ಸ್ಟ್ರಿಪ್ಪನ್ನೂ ಮುಂದಿಟ್ಟೆ.

ಅವರು ಸ್ಟ್ರಿಪ್ಪನ್ನು ತಿರುಗಿಸಿ ಓದಿದರು. "ಮಲೇರಿಯಾದ್ದು. ಜ್ವರ ಇಳಿದಿರೋದೇ ಇದರಿಂದ ಇರಬೇಕು. ಅರ್ಧಕ್ಕೆ ನಿಲ್ಲಿಸಬೇಡಿ, ಮುಗಿಸಿ. ನೀರು ಕಮ್ಮಿ ಕುಡಿಸಿದೀರ, ಅದಕ್ಕೆ ಉಚ್ಚೆ ಕೆಂಪು."

"ನೀರು ಕುಡಿಸಿ ಕುಡಿಸಿ ಚೊಂಬು ಸವೆದೈತೆ. ಒಂದ್ಸಲ ರಕ್ತ ನೋಡಿ ಸಾರ್."

"ನಿನಗೇನಮ್ಮ ಗೊತ್ತು?"

"ನಂಗೊತ್ತಿರೋದು ಇಷ್ಟು. ನಮ್ ಹಸೂಗೆ ಉಣ್ಣೆ ಕಡ್ದು ಕೆಂಪು ಉಚ್ಚೆ ಬಂದಾಗ ದನದ ಡಾಕ್ಟ್ರು ಬಗ್ಗಿ ನಿಂತು ಉಚ್ಚೆ ನೋಡಿದ್ರು. ಅದಾದ್ಮೇಲೇ ಸೂಜಿ ಹಾಕಿದ್ದು. ನೀವು ಮನುಷ್ಯರ ಡಾಕ್ಟ್ರು."

ಬೆಂಚಿನ ಮೇಲಿದ್ದ ಒಬ್ಬ ಮುದುಕ ನಕ್ಕ. ಡಾಕ್ಟರು ನಗಲಿಲ್ಲ, ಮುಂದಿನವರನ್ನು ಕರೆದರು. ಮಗಳು ನಾಚಿಕೆಯಿಂದ ತಲೆ ತಗ್ಗಿಸಿಕೊಂಡಿದ್ದಳು. ಹೊರಗೆ ಬಂದ ಮೇಲೆ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು, "ಡಾಕ್ಟ್ರೇ ಹೇಳಿದ್ಮೇಲೆ ಇವತ್ತಿಂದು ಕೊಟ್ಬುಡಾನ ಅಮ್ಮ" ಎಂದಳು. ನಾನು ಸ್ಟ್ರಿಪ್ಪನ್ನು ಕುಪ್ಪಸದೊಳಗೆ ಸೇರಿಸಿಕೊಂಡೆ.

"ಕೊಟ್ಟವಳು ನಾನು. ನಿಲ್ಸೋಳೂ ನಾನೇ. ನಡಿ ತುಮಕೂರಿಗೆ."

ತುಮಕೂರಿನ ಬಸ್ಸಿನಲ್ಲಿ ಅವನು ನನ್ನ ತೊಡೆಯ ಮೇಲೆ ಮಲಗಿದ. ಆರು ವರ್ಷದ ಹುಡುಗ ಕಿಟಕಿ ಕಡೆ ಕೂರುತ್ತೇನೆ ಎಂದು ಹಟ ಮಾಡಲಿಲ್ಲ. ಅದನ್ನು ಕಂಡು ಮಗಳು ಅಳತೊಡಗಿದಳು. ನಾನು ಅಳುವವಳಲ್ಲ. ಅವನ ಎದೆ ಏರಿ ಇಳಿಯುವುದನ್ನು ಎಣಿಸುತ್ತಾ ಕೂತಿದ್ದೆ.

ಅಲ್ಲಿಯ ಆಸ್ಪತ್ರೆಯಲ್ಲಿ ಸಿಕ್ಕಿದ ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ಅವಳು ಬಾಟಲಿಗೆ ಮೂಗು ಮುಚ್ಚಿಕೊಳ್ಳಲಿಲ್ಲ. ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಹುಡುಗನ ಕಣ್ಣಿನ ಕೆಳಗೆ ಎಳೆದು ನೋಡಿದಳು. ಅವಳು ಕೇಳುವ ಮುಂಚೆಯೇ ನಾನು ಸ್ಟ್ರಿಪ್ ತೆಗೆದು ಕೊಟ್ಟೆ. ಅವಳ ಮುಖ ಬದಲಾಯಿತು.

"ಎಷ್ಟು ದಿನ ಕೊಟ್ರಿ ಅಜ್ಜಿ?"

"ಮೂರು ದಿನ. ದಿನಕ್ಕೆ ಅರ್ಧ."

"ಇವತ್ತು?"

"ಕೊಟ್ಟಿಲ್ಲ. ಕೊಡು ಅಂದ್ರು, ನಾನೇ ಕೊಡ್ಲಿಲ್ಲ."

"ಬದುಕಿಸಿದ್ರಿ," ಎಂದಳು. ಅದರ ಹಿಂದೆಯೇ, "ಮೊದಲನೇದೂ ಕೊಡಬಾರದಿತ್ತು" ಎಂದಳು. ಎರಡೂ ಒಂದೇ ದನಿಯಲ್ಲಿ. ನನಗೆ ಅವಳು ಆಗಲೇ ಹಿಡಿಸಿದಳು.

ಸಂಜೆಗೆ ರಕ್ತದ ಪರೀಕ್ಷೆ ಬಂತು. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧವೂ ಇಲ್ಲ. ಮಲೇರಿಯಾ ಇಲ್ಲವೇ ಇಲ್ಲ. ಇದ್ದದ್ದು ಊರಿಗೆಲ್ಲ ಬಂದ ಸೊಳ್ಳೆಯ ವೈರಸ್ ಜ್ವರ, ಅದೂ ತಾನಾಗಿಯೇ ಬಿಟ್ಟುಹೋಗುತ್ತಿತ್ತು. ಹುಡುಗನಿಗೆ ರಕ್ತ ಏರಿಸಲು ಶುರು ಮಾಡಿ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಈ ಮಾತ್ರೆ ಈಲಿಯೊಳಗೆ, ಅಂದರೆ ಲಿವರಿನೊಳಗೆ, ಅಡಗಿ ಕೂತ ಮಲೇರಿಯಾ ಹುಳವನ್ನು ಕೊಲ್ಲುವುದಕ್ಕೆ. ವೈರಸ್ಸಿಗೆ ಇದು ಏನೂ ಮಾಡುವುದಿಲ್ಲ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಕೆಂಪು ರಕ್ತವನ್ನು ಕಾಯುವ ಒಂದು ಅಂಶ ಕಮ್ಮಿ ಇರುತ್ತದೆ. ನೋಡಿದರೆ ತಿಳಿಯುವುದಿಲ್ಲ, ಆಡಿಕೊಂಡು ಚೆನ್ನಾಗಿಯೇ ಇರುತ್ತವೆ. ಅಂಥ ಮಗುವಿನ ಹೊಟ್ಟೆಗೆ ಈ ಮಾತ್ರೆ ಬಿದ್ದರೆ ರಕ್ತ ಒಳಗೇ ಒಡೆಯುತ್ತದೆ, ಒಡೆದದ್ದು ಉಚ್ಚೆಯಲ್ಲಿ ಹೋಗುತ್ತದೆ.

"ಕೊರೊನಾದಾಗ ಕೊಡ್ತಾರೆ ಅಂದ್ರಲ್ಲ?" ಎಂದೆ.

"ಅದು ಬೇರೆ ಮಾತ್ರೆ ಅಜ್ಜಿ. ಅದರಿಂದಲೂ ಕೊರೊನಾ ಹೋಗಲಿಲ್ಲ. ಜ್ವರ ಅಂದ ಕೂಡಲೇ ಮಲೇರಿಯಾ ಮಾತ್ರೆ ಕೊಡೋದು ಯಾರು ಕಲಿಸಿದ್ರು ನಿಮಗೆ?"

"ನಿಮ್ ಇಲಾಖೆನೇ ಕಣಮ್ಮ. ಸೈಕಲ್ಲಲ್ಲಿ ಬಂದು, ಬಾಯಿಗೆ ಹಾಕಿ, ನೀರು ಕುಡಿಸಿ ಹೋಗೋರು. ಆವಾಗ ಯಾರ ರಕ್ತ ಹೆಂಗೈತೆ ಅಂತ ಕೇಳಿದ್ರಾ ಯಾರಾದ್ರೂ? ನಂಗೆ ಬಯ್ಯೋದ್ರಲ್ಲಿ ಅರ್ಧ ಅವ್ರಿಗೂ ಇಡು."

"ಆಗ ಹಾಗೇ ಇತ್ತು ಅಜ್ಜಿ. ಈಗ ಪರೀಕ್ಷೆ ಮಾಡಿ ಕೊಡ್ತೀವಿ," ಎಂದಳು. ನಂತರ ಕೇಳಿದಳು: "ನಿಮ್ಮ ಕಡೆ ಗಂಡುಮಕ್ಕಳಲ್ಲಿ ಯಾರಿಗಾದರೂ ಹೀಗಾಗಿತ್ತಾ? ಇದು ತಾಯಿ ಕಡೆಯಿಂದ ಬರುತ್ತೆ."

ಆಗಿತ್ತು. ನನ್ನ ತಮ್ಮ. ನನಗೆ ಹತ್ತು, ಅವನಿಗೆ ಏಳು. ಅವನ ಗಾಜಿನ ರಕ್ತದಲ್ಲಿ ಮಲೇರಿಯಾ ಇದೆ ಎಂದು ಚೀಟಿ ಬಂದು, ಚೀಲದವನು ಐದು ದಿನದ ಮಾತ್ರೆ ತಂದಿದ್ದ. ಪಾಪ, ಒಳ್ಳೆಯವನು, ದಿನಾ ಬಂದು ಎದುರಿಗೇ ನುಂಗಿಸಿದ. ಐದನೇ ದಿನದ ಹೊತ್ತಿಗೆ ತಮ್ಮನ ಉಚ್ಚೆ ಕಪ್ಪಗಾಗಿ ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಕೈಗೆ ಬರೆ ಹಾಕಿಸಿದರು, ಸೊಪ್ಪು ಅರೆದು ಕುಡಿಸಿದರು. ಹೋದ. ಹೋದವನ ಬಗ್ಗೆ ಮಾತಾಡಬಾರದು ಎಂದು ನಮ್ಮವ್ವ ಎಲ್ಲರ ಬಾಯಿ ಮುಚ್ಚಿಸಿದಳು. ಅವಳು ಬಾಯಿ ಮುಚ್ಚಿಸದೆ ಇದ್ದಿದ್ದರೆ, ಮಾತ್ರೆ ತಿಂದು ಕಪ್ಪು ಉಚ್ಚೆ ಬಂದು ಸತ್ತ ಎಂಬ ಒಂದು ಮಾತು ನಮ್ಮ ಮನೆಯಲ್ಲಿ ಉಳಿದಿರುತ್ತಿತ್ತು. ಆ ಮಾತು ಉಳಿದಿದ್ದರೆ ನಾನು ಆ ಡಬ್ಬಿ ತೆಗೆಯುತ್ತಿರಲಿಲ್ಲ. ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿದೆ. ಅವಳು ಬರೆದುಕೊಂಡಳು. ತಮ್ಮನ ಬಗ್ಗೆ ಒಬ್ಬರು ಕೇಳಿ ಬರೆದುಕೊಂಡದ್ದು ಅದೇ ಮೊದಲು.

ಐದು ದಿನ ಆಸ್ಪತ್ರೆಯಲ್ಲಿದ್ದೆವು. ಎರಡನೇ ದಿನ ಬೀಗಿತ್ತಿ ಬಂದಳು. ಅವರ ಮನೆಯಲ್ಲಿ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ನನ್ನನ್ನು ವದಿನಾ ಎಂದು ಕರೆಯುತ್ತಾಳೆ, ಅತ್ತಿಗೆ ಎಂದ ಹಾಗೆ.

"ಏಮಿ ವದಿನಾ, ಮಾ ಪಿಲ್ಲೋಡ್ನ ರಜಕ್ಕೆ ಕಳಿಸಿದ್ರೆ ರಕ್ತ ಕುಡಿದು ಕೊಡ್ತೀರಾ?"

"ತಪ್ಪು ನಂದೇ. ಕೂತ್ಕೋ, ಕಾಫಿ ತರುಸ್ತೀನಿ."

ಜಗಳಕ್ಕೆ ಸಿದ್ಧವಾಗಿ ಬಂದಿದ್ದವಳಿಗೆ ಇದು ಸರಿಹೋಗಲಿಲ್ಲ. ಕಾಫಿ ಕುಡಿದಳು, ಕಾಫಿ ಚೆನ್ನಾಗಿಲ್ಲ ಎಂದಳು. ತಾಯಿ ಕಡೆಯಿಂದ ಬರುತ್ತದೆ ಎಂದು ನರ್ಸು ಹೇಳಿದ್ದು ಅವಳ ಕಿವಿಗೆ ಬಿದ್ದ ಮೇಲೆ ಮಾತಿನ ದಿಕ್ಕು ಬದಲಾಯಿತು. ಅವಳ ಕಣ್ಣು ನನ್ನನ್ನು ಬಿಟ್ಟು ನನ್ನ ಮಗಳ ಮೇಲೆ ಹೋಯಿತು. ರಕ್ತದಲ್ಲಿ ದೋಷ ಇಟ್ಟುಕೊಂಡು ನಮ್ಮ ಮನೆಗೆ ಬಂದಳು ಎಂದು ಶುರುವಾಯಿತು. ಮಗಳು ಮಗುವಿನ ಕಾಲು ಒತ್ತುತ್ತಾ ಬಾಯಿ ಬಿಡದೆ ಕೂತಿದ್ದಳು.

"ಅವಳ್ನ ಯಾಕಂತೀಯ?" ಎಂದೆ. "ಅವಳ್ಗೆ ಕೊಟ್ಟಿದ್ದು ನಾನು. ನಂಗೆ ನಮ್ಮವ್ವ. ನಮ್ಮವ್ವ ಮೇಲೆ ಹೋಗವ್ಳೆ, ಅಲ್ಲಿಗ್ ಹೋಗಿ ಕೇಳು."

ಬಿಡುಗಡೆಯ ದಿನ ಡಾಕ್ಟರಮ್ಮ ಒಂದು ಕಾರ್ಡು ಕೊಟ್ಟಳು. ಅದರಲ್ಲಿ ಇವನಿಗೆ ಕೊಡಬಾರದ ಔಷಧಿಗಳ ಹೆಸರು. ಬಟ್ಟೆಗೆ ಹಾಕುವ ನುಸಿಗುಳಿಗೆಯೂ ಆಗುವುದಿಲ್ಲ ಎಂದು ಕೆಳಗೆ ಗೀಟು ಹಾಕಿ ಕನ್ನಡದಲ್ಲಿ ಬರೆದಿದ್ದಳು. ನಿಜವಾಗಿ ಮಲೇರಿಯಾ ಬಂದರೆ ಹೆದರಿ ಮನೆಯಲ್ಲಿ ಕೂರಬೇಡಿ, ಕಾರ್ಡು ತೋರಿಸಿದರೆ ಆಗುವ ಔಷಧಿಯನ್ನೇ ಕೊಡುತ್ತಾರೆ ಎಂದಳು. ಹೊಸ ರಕ್ತ ಕೂಡಲು ಸಣ್ಣ ಹಳದಿ ಮಾತ್ರೆಗಳನ್ನು ಬರೆದಳು. ಆ ಕಮ್ಮಿ ಇರುವ ಅಂಶದ ಪರೀಕ್ಷೆಯನ್ನು ಮೂರು ತಿಂಗಳಾದ ಮೇಲೆ ಮಾಡಬೇಕು, ಈಗ ಮೈಯಲ್ಲಿರುವುದು ಹೊಸ ರಕ್ತ ಮತ್ತು ಬೇರೆಯವರ ರಕ್ತ, ಈಗ ನೋಡಿದರೆ ಸರಿಯಾಗಿ ತಿಳಿಯುವುದಿಲ್ಲ ಎಂದಳು.

ಆ ಮೂರು ತಿಂಗಳು ಬೀಗಿತ್ತಿಗೆ ಸಿಕ್ಕಿತು. ಪರೀಕ್ಷೆ ಆಗಿಲ್ಲ, ಹಾಗಾದರೆ ದೋಷವೂ ಇಲ್ಲ ಎಂದಳು. ಮಗಳು ಫೋನಿನಲ್ಲಿ ತಗ್ಗಿದ ದನಿಯಲ್ಲಿ ಒಂದೊಂದೇ ಹೇಳಿದಳು. ಹಳದಿ ಮಾತ್ರೆಯನ್ನು ಅತ್ತೆ ತಿಪ್ಪೆಗೆ ಎಸೆದಿದ್ದಾಳೆ, ಮಾತ್ರೆಯಿಂದ ಹೋದ ರಕ್ತ ಮಾತ್ರೆಯಿಂದ ಬರುತ್ತದಾ ಎನ್ನುತ್ತಾಳೆ. ಕಾರ್ಡನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾಳೆ. ನಾಳೆ ಹುಡುಗನಿಗೆ ಹೆಣ್ಣು ಕೇಳುವಾಗ ಯಾರಾದರೂ ಎತ್ತಿ ಆಡಿದರೆ ಎನ್ನುತ್ತಾಳೆ. ಅಳಿಯ ಏನನ್ನುತ್ತಾನೆ ಎಂದೆ. ಅವರು ಅಮ್ಮನ ಮುಂದೆ ಏನೂ ಅನ್ನಲ್ಲ ಎಂದಳು.

ಹುಡುಗನಿಗಿನ್ನೂ ಆರು ವರ್ಷ. ಇವಳು ಹೆಣ್ಣು ಹುಡುಕುತ್ತಿದ್ದಾಳೆ. ಅಷ್ಟರಲ್ಲಿ ಇನ್ನೊಂದು ಜ್ವರ ಬಂದು, ಇನ್ನೊಬ್ಬ ಡಾಕ್ಟರು, ಇನ್ನೊಂದು ಮಾತ್ರೆ. ಅವತ್ತು ಕಾರ್ಡು ಟ್ರಂಕಿನಲ್ಲಿದ್ದರೆ? ನಮ್ಮವ್ವ ಮಾಡಿದ್ದನ್ನೇ ಇವಳೂ ಮಾಡುತ್ತಿದ್ದಾಳೆ ಎನ್ನಿಸಿತು.

ಮೂರು ತಿಂಗಳಾಗುವುದನ್ನೇ ಕಾದು, ಮಗಳಿಗೆ ಹೇಳಿ ಹುಡುಗನನ್ನು ತುಮಕೂರಿಗೆ ಕರೆಸಿಕೊಂಡು ಪರೀಕ್ಷೆ ಮಾಡಿಸಿದೆ. ಕಮ್ಮಿ ಇದೆ ಎಂದೇ ಬಂತು. ಆ ಚೀಟಿ ಹಿಡಿದು ಅವರ ಜೊತೆಯಲ್ಲೇ ಬೀಗರೂರಿಗೆ ಹೋದೆ. ಕರೆಯದೆ ಹೋದದ್ದು. ಬೀಗಿತ್ತಿ ಅಂಗಳದಲ್ಲಿ ಕಡ್ಲೆಕಾಯಿ ಬಿಡಿಸುತ್ತಿದ್ದಳು, ಓರಗಿತ್ತಿಯರು ನಾಲ್ಕು ಜನ ಸುತ್ತ ಕೂತಿದ್ದರು.

"ಟ್ರಂಕ್ ತೆಗಿ," ಎಂದೆ.

"ಬಂದೋಳು ನೀರಾದ್ರೂ ಕುಡಿ ವದಿನಾ."

"ನೀರು ಆಮೇಲೆ. ಕಾರ್ಡ್ ಬೇಕು."

ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡಿದರು. ಇಲ್ಲ ಎನ್ನಲು ಅವಳಿಗಾಗಲಿಲ್ಲ. ಒಳಗೆ ಹೋಗಿ ಟ್ರಂಕಿನ ಮುಚ್ಚಳ ಎತ್ತಿದಳು. ಎತ್ತಿದ್ದೇ ತಡ ಆ ವಾಸನೆ ಬಂತು. ರೇಷ್ಮೆ ಸೀರೆ, ಹುಡುಗನ ಸ್ವೆಟರು, ಹಬ್ಬದ ಅಂಗಿ, ಅದರ ಮೇಲೆ ಕಾರ್ಡು, ಸುತ್ತ ಮುತ್ತ ಬೆಳ್ಳಗೆ ನುಸಿಗುಳಿಗೆ. ಕೊಡಬಾರದು, ಮುಟ್ಟಿಸಬಾರದು ಎಂದು ಬರೆದ ಕಾಗದವನ್ನು ಅದರ ಮಧ್ಯದಲ್ಲೇ ಜೋಪಾನ ಮಾಡಿದ್ದಾಳೆ.

ಬೈಯಲಿಲ್ಲ. ಕಾರ್ಡಿನಲ್ಲಿ ಗೀಟು ಹಾಕಿದ ಸಾಲನ್ನು ಅವಳ ಮುಂದೆ ಹಿಡಿದು, ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಅವಳು ಕೇಳಿಸಿಕೊಂಡಳು. ಹುಡುಗನ ಸ್ವೆಟರನ್ನು ಮೂಸಿ ನೋಡಿದಳು.

"ದೇವುಡಾ. ಇದೂ ಆಗಲ್ವಾ ವಾಡಿಕಿ, ನಮ್ ಹುಡುಗಂಗೆ? ಹೋದ ವಾರ ಇದನ್ನೇ ಹಾಕ್ಸಿದ್ನಲ್ಲ."

"ಬಿಸಿಲಿಗೆ ಹಾಕು, ಒಗಿ. ಗುಳಿಗೆ ಎಲ್ಲಾ ಆರ್ಸು. ಒಂದೂ ಬುಡ್ಬೇಡ."

ಅವಳೇ ಆರಿಸಿದಳು, ನಾನು ಕೈ ಹಾಕಲಿಲ್ಲ. ಮಾತ್ರೆಯಿಂದ ಹೋದ ರಕ್ತ ಮಾತ್ರೆಯಿಂದ ಬರುತ್ತದಾ ಎಂದು ಮತ್ತೆ ಅವಳು ಕೇಳಲಿಲ್ಲ. ಆದರೆ ಗೆದ್ದೆ ಎಂದೇನೂ ಅಲ್ಲ. ನಾನು ಆ ಕಾರ್ಡು ಹಿಡಿದು ಅಂಗಡಿಗೆ ಹೋಗಿ ಎಂಟು ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಒಂದನ್ನು ಅವರ ನಡುಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಅಂಟಿಸಿದಾಗ ಮುಖ ಊದಿಸಿಕೊಂಡಳು. ಶಾಲೆಗೆ, ಆಶಾ ಕಾರ್ಯಕರ್ತೆಗೆ, ಮೆಡಿಕಲ್ ಸ್ಟೋರಿಗೆ ಕೊಡುತ್ತೇನೆ ಎಂದಾಗ ಅಂಗಳದಲ್ಲೇ ಶುರುಮಾಡಿದಳು.

"ಊರಿಗೆಲ್ಲಾ ಡಂಗೂರ ಹೊಡೀತೀಯಾ? ಮಾ ವಂಶದ ಮರ್ಯಾದೆ ಏನಾಗ್ಬೇಕು?"

"ನಿಮ್ ವಂಶದ್ದಲ್ಲ, ನನ್ ವಂಶದ್ದು ಅಂತ ನೀನೇ ಅಂದ್ಯಲ್ಲ. ನಂದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ಕೋತೀನಿ."

ಒಬ್ಬ ಓರಗಿತ್ತಿ ಕಡ್ಲೆಕಾಯಿ ಬುಟ್ಟಿಯ ಹಿಂದೆ ನಕ್ಕಳು. ನಾನು ಚಪ್ಪಲಿ ಮೆಟ್ಟಿ ಶಾಲೆಗೆ ಹೊರಟೆ. ಮಗಳು, ಇಷ್ಟು ದಿನ ಬಾಯಿ ಬಿಡದವಳು, ಸೆರಗು ಸಿಕ್ಕಿಸಿಕೊಂಡು ನನ್ನ ಹಿಂದೆ ಬಂದಳು. ಮೇಷ್ಟರ ಮುಂದೆ ನಾನು ಬಾಯಿ ತೆಗೆಯುವ ಮುಂಚೆ ಅವಳೇ ಎಲ್ಲ ಹೇಳಿದಳು. ಮಾತ್ರೆಯ ಹೆಸರನ್ನೂ ತಪ್ಪಿಲ್ಲದೆ ಹೇಳಿದಳು. ಆ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ತಿರುಗುವುದಿಲ್ಲ.

ಆದರೆ ಕಾಗದ ಹರಿಯುತ್ತದೆ, ಮೇಷ್ಟರಿಗೆ ವರ್ಗವಾಗುತ್ತದೆ. ಅದಕ್ಕೇ ಎರಡು ದಿನ ಅಲ್ಲೇ ಉಳಿದು ಹುಡುಗನಿಗೇ ಬಾಯಿಪಾಠ ಮಾಡಿಸಿದೆ. ಜ್ವರ ಬಂದು ಯಾರೇ ಮಾತ್ರೆ ಹಿಡಿದು ಬಂದರೂ ಮೊದಲು ಇದನ್ನು ಹೇಳಬೇಕು, ಹೇಳಿ ಮುಗಿಯುವವರೆಗೆ ಬಾಯಿ ತೆಗೆಯಬಾರದು ಎಂದೆ. ಹೇಳುವಾಗ ಬಾಯಿ ತೆಗೆಯಬೇಕಲ್ಲ ಅಜ್ಜಿ ಎಂದ. ತಲೆಗೆ ಒಂದು ಕೊಟ್ಟೆ.

ಈಗ ಚೆನ್ನಾಗಿ ಹೇಳುತ್ತಾನೆ. ನನ್ನ ಪಾಠಕ್ಕೆ ತನ್ನದೂ ಒಂದು ಸಾಲು ಸೇರಿಸಿದ್ದಾನೆ. ಹೋದ ತಿಂಗಳು ಶಾಲೆಗೆ ಆರೋಗ್ಯ ತಪಾಸಣೆಯವರು ಬಂದಾಗ, ಸಾಲಿನಲ್ಲಿ ನಿಂತು ತನ್ನ ಸರದಿಗೆ ಕೈಕಟ್ಟಿ ಹೇಳಿದನಂತೆ.

"ನಂಗೆ ಮಲೇರಿಯಾ ಮಾತ್ರೆ ಕೊಡಬಾರ್ದು, ರಕ್ತ ಒಡೀತದೆ, ಕಾರ್ಡ್ ಐತೆ. ಒಂದ್ಸಲ ನಮ್ಮಜ್ಜಿ ಕೊಟ್ಬುಟ್ಟಿದ್ಲು."

ಕಡೆಯ ಸಾಲನ್ನು ಬಿಡಿಸುತ್ತೇನೆ ಎಂದು ಮಗಳು ಫೋನು ಮಾಡಿದ್ದಳು. ಬೇಡ ಎಂದೆ. ಹೇಳಲಿ. ಅದನ್ನು ಕೇಳಿದವರು ಕಾರ್ಡು ನೋಡದೆ ಬಿಡುವುದಿಲ್ಲ.